ಬೆರಳಚ್ಚು, ಮುಖ ಗುರುತಿನ ಬಳಕೆ: ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಮೊಬೈಲ್‌ಗೆ ಬೆರಳಚ್ಚು ಕೊಟ್ಟರೆ ಅದರ ಚಿತ್ರ ಎಲ್ಲೋ ಉಳಿದುಬಿಡುತ್ತದೆ ಎಂಬ ಆತಂಕವನ್ನು ಹಲವರು ವ್ಯಕ್ತಪಡಿಸಿರುವುದರಿಂದ ಈ ಸೂಚನೆ. ಸಾಮಾನ್ಯವಾಗಿ ಫೋನು, ಬೆರಳಿನ ಗೆರೆಗಳು ಎಲ್ಲಿ ಕೊನೆಗೊಳ್ಳುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬಂಥ ಲಕ್ಷಣಗಳನ್ನು ಅಂಕಿಗಳ ರೂಪಕ್ಕೆ ತಂದು, ತನ್ನೊಳಗಿನ ಸುರಕ್ಷಿತ ಭಾಗದಲ್ಲಿಯೇ ಇಟ್ಟುಕೊಂಡು, ಪ್ರತಿ ಸಲವೂ ಹೊಸ ಸ್ಪರ್ಶದೊಂದಿಗೆ ಹೋಲಿಸಿ ನೋಡುತ್ತದೆ. ಹೋಲಿಕೆ ನಿಗದಿತ ಮಟ್ಟ ಮುಟ್ಟಿದರೆ ಮಾತ್ರ ಒಪ್ಪಿಗೆ; ಕೈ ಒದ್ದೆಯಾದಾಗ ಅಥವಾ ದುಡಿಮೆಯಿಂದ ಗೆರೆಗಳು ಸವೆದಾಗ ಯಂತ್ರ ಗುರುತಿಸದಿರುವುದು ಇದರಿಂದಲೇ (ಅದರ ಮೇಲೆ ಸಿಟ್ಟಾಗಿ ಫಲವಿಲ್ಲ). ಎರಡೂ ಕೈಗಳ ಒಂದೊಂದು ಬೆರಳನ್ನು ನೋಂದಾಯಿಸಿಕೊಳ್ಳುವುದು ಒಳಿತು.

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆದಕಾರಣ ಹಾಜರಾತಿ ಯಂತ್ರವಾಗಲಿ, ಹೊಸ ಆ್ಯಪ್ ಆಗಲಿ ಬೆರಳಚ್ಚನ್ನೋ ಮುಖವನ್ನೋ ಕೇಳಿದಾಗ, ಆ ಮಾಹಿತಿ ಎಲ್ಲಿ, ಎಷ್ಟು ಕಾಲ ಇರುತ್ತದೆ ಎಂದು ವಿಚಾರಿಸಿಯೇ ಒಪ್ಪಿಗೆ ನೀಡಬೇಕಾಗಿ ವಿನಂತಿ.