ಉಗಾಂಡದಲ್ಲಿ ಮನೆ ಹಿಡಿಯುವವರು ಮೊದಲು ನಲ್ಲಿ ತಿರುಗಿಸಿ ನೋಡಲಿ

ಮಾನ್ಯರೇ,

ಹೊರದೇಶದಲ್ಲಿ ಸ್ವಯಂಸೇವೆ ಮಾಡುವ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಅರ್ಜಿ, ಸಂದರ್ಶನ, ವೀಸಾದಲ್ಲೇ ಮುಗಿದುಹೋಗುತ್ತವೆ. ಹೋಗುವವರಲ್ಲಿ ಬಹಳ ಮಂದಿ ಅಪ್ಪ-ಅಮ್ಮನ ಮನೆ, ಹಾಸ್ಟೆಲು, ಪಿ.ಜಿ. ಬಿಟ್ಟರೆ ಬೇರೆಲ್ಲೂ ಇದ್ದವರಲ್ಲ. ತಮ್ಮದೇ ಎನ್ನುವ ಮೊದಲ ಮನೆಯನ್ನು ಅವರು ಹೂಡುವುದು ವಿಮಾನ ಇಳಿದ ಮೇಲೆ. ವಿಶ್ವಸಂಸ್ಥೆಯ ಸ್ವಯಂಸೇವಕರಿಗೆ ನೆಲೆಯೂರಲು ಒಂದು ಗಂಟು ಹಣವೂ ತಿಂಗಳ ಭತ್ಯೆಯೂ ಸಿಗುತ್ತದೆ. ಸಾಮಾನ್ಯವಾಗಿ ಮನೆ ಹುಡುಕಿಕೊಳ್ಳುವ ಹೊಣೆ ಅವರದೇ. ವಿಶ್ವಸಂಸ್ಥೆಯ ಭದ್ರತಾ ವಿಭಾಗ ಆ ಮನೆಗೆ ಒಪ್ಪಿಗೆ ಕೊಡುವ ಮುಂಚೆ ಮುಂಗಡ ಕೊಡಬಾರದು. ಉತ್ತರ ಉಗಾಂಡದ ಗುಲು ಪಟ್ಟಣಕ್ಕೆ ಹೋಗುವವರಿಗೆಂದು ಈ ಕೆಲವು ಮಾತು.

ಇಲ್ಲಿಂದಲೇ ಫೋಟೊ ನೋಡಿ ಮನೆ ಗೊತ್ತು ಮಾಡಬೇಡಿ. ಒಂದೆರಡು ವಾರ ಗೆಸ್ಟ್‌ಹೌಸಿನಲ್ಲಿದ್ದು ಹುಡುಕಿ. ದಲ್ಲಾಳಿಗಳಲ್ಲಿ ಮನೆ ತೋರಿಸಿದ್ದಕ್ಕೇ ಕಾಸು ಕೇಳುವವರಿದ್ದಾರೆ, ಮೊದಲೇ ಮಾತಾಡಿಕೊಳ್ಳಿ. ಹೊಸಬರು ಟೈಲ್ಸ್ ನೋಡುತ್ತಾರೆ, ಬಾಡಿಗೆ ಕೇಳುತ್ತಾರೆ. ನೋಡಬೇಕಾದ್ದು ನೀರು ಮತ್ತು ಕರೆಂಟು. ನಲ್ಲಿ ತಿರುಗಿಸಿ ಐದು ನಿಮಿಷ ಬಿಡಿ. ಮನೆಯ ಮೇಲೆ ಟ್ಯಾಂಕ್ ಇದೆಯೇ, ಅದು ನಿಮ್ಮೊಬ್ಬರದೋ ಇಡೀ ವಠಾರದ್ದೋ ಕೇಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಒಣಗಾಲ, ಆಗ ನೀರು ಹೇಗೆ ಬರುತ್ತದೆಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಟ್ಯಾಂಕಿದ್ದರೂ 20 ಲೀಟರಿನ ಹಳದಿ ಜೆರಿಕ್ಯಾನ್ ನಾಲ್ಕಾದರೂ ಇರಲಿ, ಕುಡಿಯುವ ನೀರಿನದಕ್ಕೆ ಗುರುತು ಹಾಕಿಡಿ. ಅಡುಗೆ ಎಣ್ಣೆ ತುಂಬಿ ಖಾಲಿಯಾದ ಕ್ಯಾನುಗಳನ್ನೂ ಮಾರುತ್ತಾರೆ, ಆ ವಾಸನೆ ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸಿಗೆ ದಂಡ.

ಕರೆಂಟಿಗೆ ಅಲ್ಲಿ 'ಯಾಕಾ' ಎನ್ನುವ ಮುಂಗಡ ಪಾವತಿಯ ಮೀಟರು. ಮೊಬೈಲಿನಲ್ಲಿ ಹಣ ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಒತ್ತಿದರೆ ಯೂನಿಟ್ಟು ಏರುತ್ತದೆ. ಪ್ರತಿ ತಿಂಗಳ ಮೊದಲ ಖರೀದಿಯಲ್ಲಿ ಸೇವಾಶುಲ್ಕ ಕಡಿತವಾಗುವುದರಿಂದ ಯೂನಿಟ್ಟು ಕಡಿಮೆ ಕಂಡರೆ ಗಾಬರಿ ಬೇಡ. ಗಾಬರಿಪಡಬೇಕಾದ್ದು ಹಿಂದಿನ ಬಾಡಿಗೆದಾರರ ಬಾಕಿಗೆ: ಅದು ಮೀಟರಿನ ಮೇಲೆ ಕೂತಿದ್ದರೆ ನೀವು ಕಟ್ಟುವ ಹಣದಲ್ಲೇ ಮುರಿದುಕೊಳ್ಳುತ್ತದೆ. ಕರಾರಿಗೆ ಸಹಿ ಹಾಕುವ ಮುಂಚೆ ಮಾಲೀಕರೆದುರೇ ಒಂದು ಸಣ್ಣ ಟೋಕನ್ ಕೊಂಡು ರಸೀದಿಯಲ್ಲಿನ ಕಡಿತ ನೋಡಿ. ಎರಡು ಮನೆಗೆ ಒಂದೇ ಮೀಟರಾದರೆ ಆ ಮನೆಯೇ ಬೇಡ.

ಅಲ್ಲಿನ 2022ರ ಬಾಡಿಗೆ ಕಾಯ್ದೆಯ ಪ್ರಕಾರ 5 ಲಕ್ಷ ಶಿಲಿಂಗ್ ಅಥವಾ ಅದಕ್ಕೆ ಮೇಲ್ಪಟ್ಟ ಬಾಡಿಗೆಗೆ ಲಿಖಿತ ಕರಾರು ಇರಲೇಬೇಕು. ಅದಕ್ಕಿಂತ ಕಡಿಮೆಯಾದರೂ ಬರೆಸಿಕೊಳ್ಳಿ. ಡಾಲರಿನಲ್ಲಿ ಬಾಡಿಗೆ ಕೇಳಿದರೆ ಶಿಲಿಂಗಿನಲ್ಲೇ ಕೊಡುತ್ತೇನೆನ್ನಿ. ಬೀಗ ಮಾತ್ರ ಮೊದಲ ದಿನವೇ ಹೊಸದು ಹಾಕಿ.

ಇಲ್ಲಿಂದ ಒಯ್ಯುವ ಸಾಮಾನಿನ ವಿಚಾರ. ನಮ್ಮ ಮಿಕ್ಸಿ ಅಲ್ಲಿನ 240 ವೋಲ್ಟಿಗೆ ಓಡುತ್ತದೆ, ಆದರೆ ಅಲ್ಲಿರುವುದು ಬ್ರಿಟನ್ನಿನ ಚಪ್ಪಟೆ ಮೂರು ಪಿನ್ನಿನ ಸಾಕೆಟ್. ಟ್ರಾವೆಲ್ ಅಡಾಪ್ಟರ್ ಮೊಬೈಲಿಗೆ ಸರಿ. ಮಿಕ್ಸಿ, ಕೆಟಲಿಗೆ ಹಾಕಿದರೆ ಸಡಿಲಾಗಿ ಕಿಡಿ ಹಾರಿ ಕರಗಬಹುದು. ಪ್ಲಗ್ಗನ್ನೇ ಬದಲಾಯಿಸಿ. ಆ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತದೆ: 750 ವಾಟ್ ಮಿಕ್ಸಿಗೆ 5 ಆಂಪಿಯರ್, ಕೆಟಲ್, ಇಸ್ತ್ರಿಪೆಟ್ಟಿಗೆಗೆ 13. ಫ್ಯೂಸ್ ಇರುವ ಕಡೆಗೆ ಕಂದು ತಂತಿ, ಎದುರಿಗೆ ನೀಲಿ, ಮೇಲಿನ ದೊಡ್ಡ ಪಿನ್ನಿಗೆ ಹಸಿರು-ಹಳದಿ. ಫ್ರಿಜ್ ಕೊಂಡರೆ ಜೊತೆಗೆ ವೋಲ್ಟೇಜ್ ಗಾರ್ಡ್ ತನ್ನಿ. ಕರೆಂಟು ಹೋಗಿ ತಕ್ಷಣ ಬಂದಾಗ ಗಾರ್ಡ್ ಅದನ್ನು ಕೆಲವು ನಿಮಿಷ ತಡೆದು ಆಮೇಲೆ ಫ್ರಿಜ್ಜಿಗೆ ಬಿಡುತ್ತದೆ, ಇಲ್ಲದಿದ್ದರೆ ಏಟು ಬೀಳುವುದು ಕಂಪ್ರೆಸರಿಗೆ.

ಗ್ಯಾಸ್ ರೆಗ್ಯುಲೇಟರ್ ಇಲ್ಲಿಂದ ಒಯ್ಯಬೇಡಿ, ಕೂರುವುದಿಲ್ಲ. ತಲೆಯ ಮೇಲೇ ಬರ್ನರ್ ಕೂರಿಸುವ 6 ಕೆ.ಜಿ. ಸಿಲಿಂಡರ್ ಒಬ್ಬರ ಅಡುಗೆಗೆ ಹೆಚ್ಚುಕಡಿಮೆ ತಿಂಗಳು ಬರುತ್ತದೆ. ಯಾವ ಕಂಪನಿಯದು ಕೊಂಡಿರೋ ಅದರಲ್ಲೇ ಬದಲಾಯಿಸಬೇಕು, ಆದ್ದರಿಂದ ಮನೆ ಹತ್ತಿರದ ಅಂಗಡಿಯಲ್ಲಿ ಏನಿದೆ ನೋಡಿ ಕೊಳ್ಳಿ. ಗ್ಯಾಸ್ ತೀರಿದ ದಿನಕ್ಕೆ 'ಸಿಗಿರಿ' ಎಂಬ ಇದ್ದಿಲ ಒಲೆ ಇರಲಿ. ಮಳೆ ಎಂದು ಅದನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಿಕೊಂಡರೆ ಜೀವಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆಯೂ ಕಾಣದು. ಇಲ್ಲಿಂದ ಒಯ್ಯಲೇಬೇಕಾದ್ದು ಕುಕ್ಕರ್, ಜೊತೆಗೆ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್, ಒಂದು ವಿಷಲ್. ಗುಲು ಸುಮಾರು 1,100 ಮೀಟರ್ ಎತ್ತರದಲ್ಲಿದೆ. ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುವುದರಿಂದ ಅಲ್ಲಿನ ಒಣ ಹುರುಳಿಕಾಯಿ ಬೀಜ ಬರಿ ಪಾತ್ರೆಯಲ್ಲಿ ಬೇಯುವಷ್ಟರಲ್ಲಿ ಇದ್ದಿಲೆಲ್ಲ ಮುಗಿದಿರುತ್ತದೆ.

ಸೂಟ್‌ಕೇಸಿನಲ್ಲಿ ರಾಗಿಹಿಟ್ಟು ತುಂಬಿಕೊಂಡು ಹೋಗುವವರಿಗೊಂದು ಮಾತು: ರಾಗಿಯ ತವರೇ ಪೂರ್ವ ಆಫ್ರಿಕ. ಗುಲುವಿನ ಅಚೋಲಿ ಜನ ಅದಕ್ಕೆ 'ಕಲ್' ಎನ್ನುತ್ತಾರೆ, ಅದರ ಮುದ್ದೆ 'ಕ್ವೊನ್ ಕಲ್'. ಸಂತೆಯ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿರುವುದುಂಟು, ಆಗ ಮುದ್ದೆ ಅಂಟಂಟಾಗುತ್ತದೆ. ಕಾಳನ್ನೇ ಕೊಂಡು, ನೆಲದ ಮೇಲೆ ಒಣಗಿಸಿದ್ದರಿಂದ ಸೇರಿರುವ ಮರಳು ಹೋಗುವಂತೆ ತೊಳೆದು ಒಣಗಿಸಿ, ಗಿರಣಿಗೆ ಕೊಡಿ. ತೊಗರಿಬೇಳೆ, ಉದ್ದಿನಬೇಳೆ ರಾಜಧಾನಿ ಕಂಪಾಲಾದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಮಸಾಲೆ ಪುಡಿಯಷ್ಟೇ ಒಯ್ದರೆ ಸಾಕು.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮುಂಚೆ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಹಾಕಿಸಿ. ಅಲ್ಲಿ ಕೊಡುವ ಲಸಿಕೆ ಪ್ರಮಾಣಪತ್ರದ ಪುಸ್ತಿಕೆ ಮರಳುವಾಗಲೂ ಕೈಯಲ್ಲಿರಲಿ, ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಕ್ಕೆ ಔಷಧ ಲೇಪಿಸಿದ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕೊಂಡಿಯನ್ನು ಸೀಲಿಂಗ್ ಹಲಗೆಗಲ್ಲ, ಅದರ ಹಿಂದಿನ ಮರದ ಪಟ್ಟಿಗೆ ಬಿಗಿಯಿರಿ. ಪರದೆಯನ್ನು ಪದೇಪದೇ ಒಗೆಯಬೇಡಿ, ಬಿಸಿಲಿಗೂ ಒಣಹಾಕಬೇಡಿ, ಔಷಧ ಹೋಗುತ್ತದೆ.

ಕೊನೆಯದಾಗಿ, ಒಗೆದ ಬಟ್ಟೆ. ಹೊರಗೆ ಹರವಿದ ಒದ್ದೆ ಬಟ್ಟೆಯ ಮೇಲೆ ಮ್ಯಾಂಗೊ ಫ್ಲೈ ಎಂಬ ನೊಣ ಮೊಟ್ಟೆ ಇಡುತ್ತದೆ. ಅದರ ಮರಿಹುಳು ಚರ್ಮದೊಳಗೆ ಹೊಕ್ಕು ಕುರುವಿನಂತೆ ಊದಿಕೊಳ್ಳುತ್ತದೆ. ಒಳಉಡುಪು, ಟವೆಲ್, ಹಾಸುಹೊದಿಕೆ ಸೇರಿ ಎಲ್ಲಕ್ಕೂ ಎರಡೂ ಬದಿ ಬಿಸಿ ಇಸ್ತ್ರಿ ಹಾಕಬೇಕು, ಹೊಲಿಗೆ ಮತ್ತು ಎಲಾಸ್ಟಿಕ್ ಇರುವಲ್ಲಿ ಇನ್ನಷ್ಟು ಒತ್ತಿ. ಕರೆಂಟು ಇಲ್ಲದ ದಿನಕ್ಕೆ ಇದ್ದಿಲ ಇಸ್ತ್ರಿಪೆಟ್ಟಿಗೆ ಗುಲು ಮಾರುಕಟ್ಟೆಯಲ್ಲೇ ಸಿಗುತ್ತದೆ.

– ಗುಲುವಿನಲ್ಲಿ ಸ್ವಯಂಸೇವಕರಾಗಿದ್ದ ಕೆಲವರು, ಶಿವಮೊಗ್ಗ