ಜಗಲಿಯಲ್ಲಿ ಕೂತು ಆಫೀಸು ಮಾಡುವ ಪುಟ್ಟಿಗೆ

ಶಿವಮೊಗ್ಗ

ಪ್ರೀತಿಯ ಪುಟ್ಟಿ,

ಮಾವನ ಆಶೀರ್ವಾದಗಳು. ತೀರ್ಥಹಳ್ಳಿಯ ಮನೆಯಿಂದಲೇ ಕೆಲಸ ಮಾಡಲು ನಿನ್ನ ಆಫೀಸಿನವರು ಒಪ್ಪಿದ್ದು ನಮಗೆಲ್ಲ ಖುಷಿ. ಅಕ್ಕನಿಗಂತೂ ಮಗಳು ಕಣ್ಣೆದುರಿಗೇ ಇದ್ದಾಳೆ ಅನ್ನೋ ಸಮಾಧಾನ. ಆದರೆ ಮೊನ್ನೆ ಕೊಯ್ಲಿಗೆ ಬಂದಾಗ ಕಂಡದ್ದನ್ನು ಹೇಳದೆ ಇರಲು ಮನಸ್ಸು ಬರಲಿಲ್ಲ.

ಜಗಲಿ ತುಂಬ ಅಡಿಕೆ ಸುಲಿಯುವವರು. ನೀನು ಮೂಲೆಯಲ್ಲಿ ಕೂತು, ಫೋನಿನಲ್ಲಿ ಯಾರೋ ರೋಗಿಯ ಹೆಸರು, ವಯಸ್ಸು, ಕಾಯಿಲೆ, ಬಿಲ್ಲಿನ ಮೊತ್ತ ಎಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಕಾಫಿಗೆ ಎದ್ದು ಹೋದಾಗ ಪರದೆ ಹಾಗೇ ತೆರೆದಿತ್ತು. ಪಕ್ಕದ ಮನೆ ಹುಡುಗ ಬಂದು "ಅಕ್ಕಾ, ರಿಸಲ್ಟ್ ನೋಡ್ಕೊಳ್ಲಾ?" ಅಂದ. ನೀನು ಒಳಗಿಂದಲೇ "ನೋಡ್ಕೋ" ಅಂದೆ. ಬೇಡ ಅನ್ನಲು ಸಂಕೋಚ, ನನಗೆ ಗೊತ್ತು. ನಮ್ಮ ಕಡೆ ಬಂದವರಿಗೆ ಬಾಗಿಲು ಹಾಕಿ ರೂಢಿಯಿಲ್ಲ ಅಲ್ವಾ? ಆದರೆ ಆ ಲ್ಯಾಪ್‌ಟಾಪಿನಲ್ಲಿ ಇರುವುದು ನಮ್ಮ ಮನೆಯದಲ್ಲ. ಯಾವುದೋ ಊರಿನವರು ನಂಬಿ ಆಸ್ಪತ್ರೆಗೆ ಹೇಳಿಕೊಂಡ ವಿಷಯ. ಅದರಲ್ಲಿ ದಾಕ್ಷಿಣ್ಯ ಮಾಡಿಕೊಳ್ಳುವ ಹಕ್ಕು ನಿನಗಿಲ್ಲ.

ನಾನು ಬ್ಯಾಂಕಿನಲ್ಲಿದ್ದಾಗ ಸ್ಟ್ರಾಂಗ್ ರೂಮಿನ ಬೀಗದ ಕೈ ಇಬ್ಬರ ಹತ್ತಿರ ಇರುತ್ತಿತ್ತು. ಎಷ್ಟೇ ಸ್ನೇಹವಿದ್ದರೂ ಒಬ್ಬರದನ್ನು ಇನ್ನೊಬ್ಬರು ಕೇಳುತ್ತಿರಲಿಲ್ಲ. ಅದಕ್ಕೆ ಯಾರೂ ಮುಖ ಊದಿಸಿಕೊಳ್ಳಲಿಲ್ಲ. ನೀನೂ "ಇದು ಆಫೀಸಿಂದು, ಕೊಡೋ ಹಾಗಿಲ್ಲ" ಅಂತ ಒಂದೇ ಸಲ ಹೇಳಿಬಿಡು. ಹುಡುಗನಿಗೆ ನಿನ್ನ ಫೋನಿನಲ್ಲಿ ನೀನೇ ರಿಸಲ್ಟ್ ನೋಡಿ ಹೇಳು. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತು, ಪರದೆಗೆ ಬೀಗ ಬೀಳುತ್ತದೆ. ಕರೆ ಬಂದರೆ ಮಾಳಿಗೆಗೆ ಹೋಗಿ ಮಾತಾಡು. ಪ್ರಿಂಟ್ ಬೇಕು ಅಂತ ಆಫೀಸಿನ ಫೈಲನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ವಾಟ್ಸ್‌ಆಪ್ ಮಾಡಲೇಬೇಡ. ಅದು ಆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಉಳಿದುಬಿಡುತ್ತದೆ.

ಮನೆಯ ಕಂಪ್ಯೂಟರಿನಿಂದ ಏನು ಮಹಾ ಆಗುತ್ತದೆ ಅಂದುಕೊಳ್ಳಬೇಡ. ಲಾಸ್ಟ್‌ಪಾಸ್ ಅಂತ ಒಂದು ಕಂಪನಿಯಿದೆ, ಜನರ ಪಾಸ್‌ವರ್ಡ್‌ಗಳನ್ನು ಜೋಪಾನ ಮಾಡುವುದೇ ಅದರ ಕೆಲಸ. 2022ರಲ್ಲಿ ಕಳ್ಳರು ಅದರ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿಗೆ ನುಗ್ಗಿದರು. ದಾರಿಯಾಗಿದ್ದು ಸಿನಿಮಾ, ಹಾಡುಗಳಿಗೆ ಬಳಸುವ ಒಂದು ಹಳೇ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿರಲಿಲ್ಲ. ಅವರು ಒತ್ತಿದ ಒಂದೊಂದು ಅಕ್ಷರವೂ ಕಳ್ಳರಿಗೆ ಕಾಣುತ್ತಿತ್ತು. ಕೊನೆಗೆ ಗ್ರಾಹಕರ ಪಾಸ್‌ವರ್ಡ್ ಕಣಜಗಳ ಪ್ರತಿಯೇ ಕಳ್ಳರ ಪಾಲಾಯಿತು. ಅದೇ ವರ್ಷ ಉಬರ್‌ನಲ್ಲೂ ಹೀಗೆ. "ಲಾಗಿನ್ ಆಗುತ್ತಿರುವುದು ನೀವೇನಾ?" ಅಂತ ಒಬ್ಬ ಗುತ್ತಿಗೆ ನೌಕರರ ಫೋನಿಗೆ ಮತ್ತೆ ಮತ್ತೆ ಬಂತು. ಮೊದಮೊದಲು ತಡೆದರು, ಆಮೇಲೆ ಒಂದಕ್ಕೆ ಹೌದು ಅಂತ ಒತ್ತಿಬಿಟ್ಟರು. ಕಳ್ಳರು ಒಳಗೆ ನುಗ್ಗಲು ಅಷ್ಟು ಸಾಕಾಯಿತು. ನೀನು ಲಾಗಿನ್ ಆಗದೇ ಇರುವಾಗ ಅಂಥದ್ದು ಬಂದರೆ ನೂರು ಸಲ ಬಂದರೂ ಇಲ್ಲ ಅಂತಲೇ ಒತ್ತು, ತಕ್ಷಣ ಆಫೀಸಿಗೆ ತಿಳಿಸು.

ವೈಫೈ ರೂಟರಿನ ಜೊತೆ ಬಂದ ಪಾಸ್‌ವರ್ಡನ್ನು ಇವತ್ತೇ ಬದಲಿಸು. ಬಂದ ನೆಂಟರಿಗೆಲ್ಲ ಹಂಚಿಯಾಗಿದೆ ಅದು. ಅವರಿಗೆ ಬೇರೆ ಗೆಸ್ಟ್ ವೈಫೈ ಮಾಡಿಕೊಡು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ನಿನ್ನದೇ ಫೋನಿನ ಹಾಟ್‌ಸ್ಪಾಟ್ ಬಳಸು, ಪೇಟೆಯಲ್ಲಿ ಸುಮ್ನೆ ಸಿಗುವ ವೈಫೈ ಬೇಡ. ಅಪ್‌ಡೇಟ್ ಬಂದರೆ ನಾಳೆ ಅನ್ನಬೇಡ.

ಇಷ್ಟೆಲ್ಲ ಮಾಡಿಯೂ ಒಂದು ದಿನ ತಪ್ಪು ಲಿಂಕ್ ಒತ್ತಿಬಿಡಬಹುದು. ಆಗ ಹೆದರಿ ಮುಚ್ಚಿಡಬೇಡ. ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ. ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು ಅಂತ ಕಂಪನಿಗಳಿಗೆ 2022ರಿಂದ ನಿಯಮವಿದೆ. ಮಾಹಿತಿ ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡಕ್ಕೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ ಅವಕಾಶವಿದೆ. ನೀನು ಬೈಗುಳಕ್ಕೆ ಹೆದರಿ ಒಂದು ರಾತ್ರಿ ಸುಮ್ಮನಿದ್ದರೆ ಕಳ್ಳನಿಗೆ ಒಂದು ರಾತ್ರಿ ಕೊಟ್ಟಂತೆ. ಆನ್‌ಲೈನ್ ಮೋಸದಲ್ಲಿ ನಿನ್ನ ಸ್ವಂತ ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯಲು ಅಷ್ಟು ಅನುಕೂಲ.

ಆಫೀಸಿನ ಐಟಿಯವರ ನಂಬರನ್ನು ಒಂದು ಕಾಗದದಲ್ಲಿ ಬರೆದು ನಿನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸು. ಲ್ಯಾಪ್‌ಟಾಪೇ ಕೈಕೊಟ್ಟ ದಿನ ಅದರೊಳಗಿನ ನಂಬರ್ ಉಪಯೋಗಕ್ಕೆ ಬರುವುದಿಲ್ಲ.

ನಿನ್ನ
ಮಾವ