ಫೋಟೋಗ್ರಾಫರ್ ರೇಟ್ ಕೇಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೊಮ್ಮಗಳ ನಾಮಕರಣಕ್ಕೆಂದು ಗುಂಪಿನಲ್ಲಿ ಬಂದಿದ್ದ ಒಬ್ಬ ಫೋಟೋಗ್ರಾಫರ್ ನಂಬರಿಗೆ ಮೆಸೇಜ್ ಮಾಡಿದ್ದೆ. ತಾರೀಖು, ಜಾಗ, ಎಷ್ಟು ಹೊತ್ತಿನ ಕಾರ್ಯಕ್ರಮ ಎಲ್ಲ ಬರೆದು, ಎಷ್ಟಾಗುತ್ತೆ ಅಂತ ಕೇಳಿದೆ. "ನಿಮ್ಮ ಬಜೆಟ್ ಎಷ್ಟು?" ಅಂದರು. ಆಲ್ಬಂ ಸೇರಿ ಎಷ್ಟು, ಬರೀ ಫೋಟೋಗಾದರೆ ಎಷ್ಟು ಅಂದಿದ್ದಕ್ಕೆ, "ಕ್ವಾಲಿಟಿ ಗೊತ್ತಿರೋರು ರೇಟ್ ಕೇಳಲ್ಲ ಸಾರ್" ಎಂಬ ಉತ್ತರ, ಜತೆಗೊಂದು ಕೈಮುಗಿಯುವ ಇಮೋಜಿ! ಆಮೇಲೆ ನೀಲಿ ಟಿಕ್ ಅಷ್ಟೇ.

ಅವರ ರೇಟು ಜಾಸ್ತಿಯಿದ್ದರೆ ನನ್ನ ತಕರಾರಿಲ್ಲ. ಕ್ಯಾಮೆರಾ, ಲೆನ್ಸ್, ರಾತ್ರಿಯೆಲ್ಲ ಕೂತು ಮಾಡುವ ಎಡಿಟಿಂಗ್, ಎಲ್ಲಕ್ಕೂ ಖರ್ಚಿದೆ. ಚೌಕಾಸಿ ಮಾಡಿ ಅವರ ಜೀವ ಹಿಂಡುವವರು ನಮ್ಮಲ್ಲೂ ಇದ್ದಾರೆ, ಬಿಡಿ. ಆದರೆ ಬೆಲೆ ಕೇಳಿದ್ದೇ ಅಪರಾಧವೇ?

ಯಾರನ್ನೇ ಗೊತ್ತು ಮಾಡಿದರೂ ಗಂಟೆ ಮೀರಿದರೆ ಎಷ್ಟು, ಆಲ್ಬಂನಲ್ಲಿ ಎಷ್ಟು ಹಾಳೆ, ಅಡ್ವಾನ್ಸ್ ವಾಪಸ್ ಬರುತ್ತಾ ಅನ್ನೋದನ್ನು ಫೋನಲ್ಲಿ ಮಾತಾಡಿದ ಮೇಲೂ ಮೆಸೇಜಲ್ಲಿ ಬರೆಸಿಕೊಳ್ಳಿ. ಕೊನೆಗೆ 18% ಜಿಎಸ್‌ಟಿ ಸೇರಿಸಿದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿ; ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನವರು ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ದುಡ್ಡು ಕೊಟ್ಟು ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಒರಟು ಮಾತಿಗೆ ಅಲ್ಲಿ ಮದ್ದಿಲ್ಲ.

ಆ ನಂಬರ್ ಹಾಕಿದವರ ಮೇಲೆ ಬೇಸರವಿಲ್ಲ, ದಯವಿಟ್ಟು ಗುಂಪಿನಲ್ಲಿ ಅವರ ಹೆಸರು ಎಳೆಯಬೇಡಿ. ನೆಟ್ಟಗೆ ರೇಟ್ ಹೇಳುವ ಫೋಟೋಗ್ರಾಫರ್ ಗೊತ್ತಿದ್ದರೆ ಭಾನುವಾರದೊಳಗೆ ನನಗೆ ಪ್ರತ್ಯೇಕವಾಗಿ ಕಳಿಸಿ.